ರೋಟರಿ ವಾರದ ಸಭೆ: ಮಾತಿಗೆ 20 ನಿಮಿಷ ಉಳಿಸಿಕೊಡುವ ಬಗೆ

ಬೇರೆ ಬೇರೆ ಕಸುಬಿನವರು ಸಮಾಜಸೇವೆಗೆಂದು ಸೇರುವ ರೋಟರಿ ಕ್ಲಬ್ಬಿನ ಸಭೆ ತಾಲ್ಲೂಕು ಕೇಂದ್ರದಲ್ಲಿ ಸಾಮಾನ್ಯವಾಗಿ ಸಂಜೆ ಏಳೂವರೆಗೆ ಶುರುವಾಗಿ, ಒಂದು ಗಂಟೆ ನಡೆದು, ಊಟದೊಂದಿಗೆ ಮುಗಿಯಬೇಕು. ಬಂದವರು ಮನೆಗೆ ಹೋಗಿ ಹೇಳಿಕೊಳ್ಳುವುದು ಅಂದಿನ ಮಾತುಗಾರರು ಏನು ಹೇಳಿದರು ಎಂಬುದನ್ನು ಮಾತ್ರ. ಆದರೆ ಸ್ವಾಗತ, ಹಾರ, ಹುಟ್ಟುಹಬ್ಬ, ಪ್ರಕಟಣೆ ಎಲ್ಲವೂ ತಂತಮ್ಮ ಪಾಲು ಕಿತ್ತುಕೊಂಡ ಮೇಲೆ ಅವರು ಮೈಕಿನ ಮುಂದೆ ಬರುವಾಗ ಎಂಟೂ ಇಪ್ಪತ್ತಾಗಿರುತ್ತದೆ. ಆ ಹೊತ್ತಿಗೆ ಅಡುಗೆಯವರು ಬಾಗಿಲಲ್ಲಿ ಇಣುಕುತ್ತಿರುತ್ತಾರೆ. ಜುಲೈ 1ರಂದು ಹೊಸದಾಗಿ ಅಧಿಕಾರ ವಹಿಸಿಕೊಳ್ಳುವ ಅಧ್ಯಕ್ಷರು, ಕಾರ್ಯದರ್ಶಿಗಳು ಮೊದಲು ಕಲಿಯಬೇಕಾದದ್ದು ಮಾತಿಗೆ ಸಿಗಬೇಕಾದ 20 ನಿಮಿಷವನ್ನು ಕಾಪಾಡುವ ಕೆಲಸ.

ಗಂಟೆಯ ಲೆಕ್ಕ

ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಪೋಡಿಯಂ ಮೇಲೆ ಅಂಟಿಸಿ. ಅಧ್ಯಕ್ಷರಿಗೊಂದು, ಸಭೆಯ ಸಿದ್ಧತೆ ನೋಡಿಕೊಳ್ಳುವ ಸಾರ್ಜೆಂಟ್‌ಗೊಂದು ಪ್ರತಿ ಇರಲಿ.

7.30 – ಗಾಂಗ್ (ಸಭೆಯ ಶುರು, ಕೊನೆಗೆ ಬಾರಿಸುವ ಜಾಗಟೆ), ಪ್ರಾರ್ಥನೆ
7.33 – ಅಧ್ಯಕ್ಷರ ಸ್ವಾಗತ
7.36 – ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ
7.40 – ಕಾರ್ಯದರ್ಶಿಯ ವರದಿ, ಪ್ರಕಟಣೆ
7.45 – ಬೇರೆ ಕ್ಲಬ್ಬುಗಳಿಂದ ಬಂದವರ ಪರಿಚಯ
7.48 – ಮಾತುಗಾರರ ಪರಿಚಯ
7.50 – ಮಾತು
8.10 – ಪ್ರಶ್ನೆಗಳು
8.20 – ನೆನಪಿನ ಕಾಣಿಕೆ, ವಂದನಾರ್ಪಣೆ
8.25 – ಮುಂದಿನ ಸಭೆಯ ವಿವರ, ರಾಷ್ಟ್ರಗೀತೆ, ಗಾಂಗ್

ರಾಷ್ಟ್ರಗೀತೆಗೆ 52 ಸೆಕೆಂಡ್. ನಾಡಗೀತೆಯನ್ನೂ ಹಾಡುವ ಕ್ಲಬ್ಬಾದರೆ ಅದಕ್ಕೆ ಎರಡೂವರೆ ನಿಮಿಷ ಬೇಕು. ಆಗ ಬೇರೆ ಪ್ರಾರ್ಥನೆ ಬೇಡ, ನಾಡಗೀತೆಯೇ ಪ್ರಾರ್ಥನೆಯ ಜಾಗಕ್ಕೆ ಬರಲಿ.

ಪಟ್ಟಿ ಹಳಿ ತಪ್ಪುವುದು ಮೂರು ಕಡೆ. ಮೊದಲನೆಯದು ಶುರುವಿನಲ್ಲೇ. ‘ಇನ್ನೊಂದು ನಾಲ್ಕು ಜನ ಬರಲಿ’ ಎಂದು ಕಾಯುವುದು. ಕೋರಂ, ಅಂದರೆ ಇಂತಿಷ್ಟು ಜನರ ಹಾಜರಿ, ಬೇಕಾಗುವುದು ಮತಕ್ಕೆ ಹಾಕುವ ವಿಷಯವಿದ್ದಾಗ. ಮಾತು ಕೇಳುವುದಕ್ಕೆ ಕೋರಂ ಬೇಕಿಲ್ಲ. ಎಂಟು ಜನರಿದ್ದರೂ ಏಳೂವರೆಗೆ ಗಾಂಗ್ ಬಾರಿಸಿ. ತಡವಾಗಿ ಬರುವವರು ಎಲ್ಲರ ಕಣ್ಣೆದುರು ಕುರ್ಚಿ ಹುಡುಕಬೇಕಾಗುತ್ತದೆ. ಸತತ ಎರಡು ತಿಂಗಳು ಹೀಗೆ ನಡೆಸಿದರೆ ಏಳೂ ಇಪ್ಪತ್ತಕ್ಕೇ ಬರತೊಡಗುತ್ತಾರೆ. ಒಂದೇ ಒಂದು ವಾರ ಕಾದರೂ ಮತ್ತೆ ಮೊದಲಿನಿಂದ ಶುರುಮಾಡಬೇಕು.

ಎರಡನೆಯದು ವೇದಿಕೆಗೆ ಕರೆಯುವುದು. ಅಧ್ಯಕ್ಷರು, ಕಾರ್ಯದರ್ಶಿ, ಅಂದಿನ ಮಾತುಗಾರರು ಎಂದು ಮೂರು ಕುರ್ಚಿ ಸಾಕು. ಏಳು ಕುರ್ಚಿ ಹಾಕಿದರೆ ಏಳು ಹೆಸರು, ಏಳು ಹೂವು, ಏಳು ‘ಎರಡು ಮಾತು’. ಮಾಜಿ ಅಧ್ಯಕ್ಷರು, ರೋಟರಿ ಜಿಲ್ಲೆಯ ಅಸಿಸ್ಟೆಂಟ್ ಗವರ್ನರ್ ಬಂದಿದ್ದರೆ ಮುಂದಿನ ಸಾಲಿನಲ್ಲಿ ಕೂರಿಸಿ, ಸ್ವಾಗತದಲ್ಲಿ ಹೆಸರು ಹೇಳಿದರೆ ಗೌರವಕ್ಕೆ ಕೊರತೆಯಾಗುವುದಿಲ್ಲ. ರೋಟರಿ ಜಿಲ್ಲೆಯ ಮುಖ್ಯಸ್ಥರಾದ ಡಿಸ್ಟ್ರಿಕ್ಟ್ ಗವರ್ನರ್ ಅಧಿಕೃತ ಭೇಟಿಯ ದಿನದ ಶಿಷ್ಟಾಚಾರವೇ ಬೇರೆ. ಅದನ್ನು ಪ್ರತಿ ವಾರಕ್ಕೂ ಎಳೆದು ತರಬೇಡಿ.

ಮೂರನೆಯದು ಕಾರ್ಯದರ್ಶಿಯ ಐದು ನಿಮಿಷ. ‘ಬರುವ ಭಾನುವಾರ ಕಣ್ಣಿನ ತಪಾಸಣೆ ಶಿಬಿರ, ಬೆಳಿಗ್ಗೆ 9ಕ್ಕೆ, ಸರ್ಕಾರಿ ಶಾಲೆಯಲ್ಲಿ’ ಎನ್ನುವಷ್ಟರಲ್ಲಿ ಯಾರೋ ಎದ್ದು ‘ಕಳೆದ ಸಲ ಕನ್ನಡಕ ತಲುಪಲೇ ಇಲ್ಲ’ ಎನ್ನುತ್ತಾರೆ, ಇನ್ನೊಬ್ಬರು ಉತ್ತರ ಕೊಡುತ್ತಾರೆ, ಹತ್ತು ನಿಮಿಷ ಹೋಯಿತು. ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದರ ಜಾಗ ಪದಾಧಿಕಾರಿಗಳ ಬೋರ್ಡ್ ಮೀಟಿಂಗ್. ಅಧ್ಯಕ್ಷರು ಅಲ್ಲಿಯೇ ‘ಗುರುವಾರದ ಬೋರ್ಡಿಗೆ ಇದನ್ನು ಹಾಕಿಕೊಳ್ಳುತ್ತೇವೆ, ತಾವೂ ಬನ್ನಿ’ ಎಂದು ನಿಲ್ಲಿಸಬೇಕು. ಪ್ರಕಟಣೆಯಲ್ಲಿ ದಿನ, ಹೊತ್ತು, ಜಾಗ, ಯಾರನ್ನು ಕೇಳಬೇಕು ಎಂಬ ನಾಲ್ಕು ಸಂಗತಿ ಇದ್ದರೆ ಆಯಿತು. ಯೋಜನೆಯ ಚರ್ಚೆ ಅಷ್ಟು ಮುಖ್ಯವಾದರೆ ಅದಕ್ಕೇ ಒಂದು ಸಭೆ ಇಡಿ. ಪ್ರತಿ ವಾರ ಸೇರಲೇಬೇಕೆಂಬ ರೋಟರಿಯ ನಿಯಮ 2016ರಲ್ಲಿ ಸಡಿಲವಾದ ಮೇಲೆ ತಿಂಗಳಿಗೆ ಕನಿಷ್ಠ ಎರಡು ಸಭೆ ನಡೆಸಿದರೂ ನಡೆಯುತ್ತದೆ. ನಾಲ್ಕೂ ವಾರ ಸೇರುವ ಕ್ಲಬ್ಬು ಎರಡನ್ನು ಮಾತಿಗೆ, ಒಂದನ್ನು ಕ್ಲಬ್ಬಿನ ವ್ಯವಹಾರಕ್ಕೆ, ಒಂದನ್ನು ಕುಟುಂಬದವರೊಂದಿಗಿನ ಫೆಲೋಶಿಪ್‌ಗೆ ಹಂಚಿಕೊಂಡರೆ ಒಂದರೊಳಗೆ ಒಂದು ತೂರುವುದಿಲ್ಲ.

ಸಾರ್ಜೆಂಟ್ ಏಳು ಗಂಟೆಗೆ

ಸಭೆ ಚೆನ್ನಾಗಿ ನಡೆದರೆ ಹೆಸರು ಅಧ್ಯಕ್ಷರಿಗೆ, ಕೆಟ್ಟರೆ ಬೈಗುಳ ಸಾರ್ಜೆಂಟ್‌ಗೆ. ಗಾಂಗ್ ಮತ್ತು ಅದರ ಸುತ್ತಿಗೆ, ಅಧ್ಯಕ್ಷರು ಕೊರಳಿಗೆ ಹಾಕಿಕೊಳ್ಳುವ ಕಾಲರ್, ಬ್ಯಾನರ್, ಹಾಜರಿ ಪುಸ್ತಕ, ರಾಷ್ಟ್ರಧ್ವಜ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರಲಿ, ಪೆಟ್ಟಿಗೆ ಒಬ್ಬರ ಮನೆಯಲ್ಲೇ ಇರಲಿ. ಸುತ್ತಿಗೆ ಕಳೆದುಹೋಗಿ ಚಮಚದಿಂದ ಗಾಂಗ್ ಬಾರಿಸುವ ಕ್ಲಬ್ಬುಗಳು ಕಡಿಮೆಯೇನಿಲ್ಲ. ಕೋಲಿಗೆ ಕಟ್ಟಿದ ಧ್ವಜವನ್ನು ವೇದಿಕೆಯಲ್ಲಿ ಇಡುವುದಾದರೆ ಸಭಿಕರಿಗೆ ಮುಖಮಾಡಿ ನಿಂತ ಭಾಷಣಕಾರರ ಬಲಗಡೆ ಇರಬೇಕು. ಸಭಿಕರ ಬಲಕ್ಕೆ ಇಡುವುದು ಸಾಮಾನ್ಯವಾಗಿ ಆಗುವ ತಪ್ಪು.

ಮೈಕು ಕುಯ್ಯೆಂದು ಕೂಗುವುದು ಸ್ಪೀಕರ್ ಪೆಟ್ಟಿಗೆಯ ಸದ್ದು ತಿರುಗಿ ಮೈಕಿಗೇ ಹೋಗುವುದರಿಂದ. ಪೆಟ್ಟಿಗೆಗಳನ್ನು ಪೋಡಿಯಂಗಿಂತ ಮುಂದೆ, ಸಭಿಕರ ಕಡೆಗೆ ಮುಖ ಮಾಡಿ ಇಟ್ಟರೆ ಅರ್ಧ ತೊಂದರೆ ಹೋಗುತ್ತದೆ. ಉಳಿದರ್ಧ, ಮಾತಾಡುವವರು ಮೈಕಿನಿಂದ ದೂರ ನಿಲ್ಲುವುದರಿಂದ ಬರುತ್ತದೆ. ದೂರ ನಿಂತವರಿಗಾಗಿ ಆಪರೇಟರ್ ವಾಲ್ಯೂಮ್ ಏರಿಸುತ್ತಾರೆ, ಏರಿಸಿದರೆ ಕೂಗುತ್ತದೆ. ಬಾಯಿಗೂ ಮೈಕಿಗೂ ನಾಲ್ಕು ಬೆರಳಿನ ಅಂತರ ಸಾಕು. ಕಾರ್ಡ್‌ಲೆಸ್ ಮೈಕಾದರೆ ಹೊಸ ಬ್ಯಾಟರಿ ಹಾಕಿ, ಒಂದು ಜೊತೆ ಜೇಬಿನಲ್ಲೂ ಇಟ್ಟುಕೊಳ್ಳಿ. ಪ್ರಶ್ನೋತ್ತರಕ್ಕೆ ಎರಡನೆಯ ಮೈಕು ಬೇಕೇ ಬೇಕು.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಜುಲೈ–ಆಗಸ್ಟ್ ಸಭೆಗಳಿಗೆ ಇನ್ನೊಂದು ಕಷ್ಟವಿದೆ. ತಗಡಿನ ಚಾವಣಿಯ ಹಾಲಿನಲ್ಲಿ ಜೋರು ಮಳೆ ಬಂದರೆ ಯಾವ ಮೈಕೂ ಸಾಲದು. ಆ ಎರಡು ತಿಂಗಳು ಆರ್‌ಸಿಸಿ ಛಾವಣಿಯ ಕೋಣೆ ಹುಡುಕಿಕೊಳ್ಳಿ, ಚಿಕ್ಕದಾದರೂ ಸರಿ. ಕರೆಂಟು ಹೋಗುವುದನ್ನಂತೂ ಗ್ಯಾರಂಟಿ ಎಂದೇ ಇಟ್ಟುಕೊಳ್ಳಿ. ಆ್ಯಂಪ್ಲಿಫೈಯರ್, ಪ್ರೊಜೆಕ್ಟರ್ ಎರಡನ್ನೂ ಯುಪಿಎಸ್ ಇರುವ ಪ್ಲಗ್ಗಿಗೇ ಹಾಕಿಸಿ. ಪ್ರೊಜೆಕ್ಟರ್ ಒಮ್ಮೆ ಆರಿದರೆ ಮತ್ತೆ ಬೆಳಗಲು ಕೆಲವು ನಿಮಿಷ ಹಿಡಿಯುತ್ತದೆ.

ಸ್ಲೈಡುಗಳ ವಿಷಯದಲ್ಲಿ ಕನ್ನಡದವರಿಗೆ ಆಗಾಗ ಎದುರಾಗುವ ಒಂದು ಎಡವಟ್ಟಿದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪ್ರೆಸೆಂಟೇಷನ್ ಆ ಫಾಂಟಿಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ. ಕಾರಣ, ಆ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಕನ್ನಡದ ರೂಪ ಕೊಡುವುದು ಫಾಂಟು. ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಆಗಲೇ ಮಾಡಿ ಮುಗಿದಿದ್ದರೆ ಅವರ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಕಳಿಸಲು ಹೇಳಿ. ಅಕ್ಷರ 28 ಪಾಯಿಂಟಿಗಿಂತ ಚಿಕ್ಕದಿರಬಾರದು. 20 ನಿಮಿಷಕ್ಕೆ 10–12 ಸ್ಲೈಡ್ ಧಾರಾಳ. ವಿಡಿಯೊ ಇದ್ದರೆ ಫೈಲನ್ನೇ ತರಿಸಿ, ಇಂಟರ್ನೆಟ್ ಲಿಂಕನ್ನು ನಂಬಬೇಡಿ. ಎಚ್‌ಡಿಎಂಐ ಕೇಬಲ್ ಹಾಕಿದಾಗ ಸದ್ದು ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿಗೆ ಹೋಗಿಬಿಡಬಹುದು. ಲ್ಯಾಪ್‌ಟಾಪಿನ ಆಡಿಯೊ ಸೆಟ್ಟಿಂಗಿನಲ್ಲಿ ಹೆಡ್‌ಫೋನ್ ಔಟ್‌ಪುಟ್ ಆರಿಸಿ, ಅಲ್ಲಿಂದ ಆ್ಯಂಪ್ಲಿಫೈಯರಿಗೆ ಬೇರೆ ತಂತಿ ಕೊಟ್ಟು ಏಳೂ ಕಾಲಿಗೇ ಕೇಳಿ ನೋಡಿ.

ಯಾರನ್ನು ಕರೆಯುವುದು

ಮಾತುಗಾರರೆಂದರೆ ಹೊರಗಿನವರೇ ಆಗಬೇಕೆಂಬ ಹಟ ಬೇಡ. 1905ರ ಫೆಬ್ರುವರಿ 23ರಂದು ಶಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಸೇರಿಸಿದ ಮೊದಲ ಸಭೆಯಲ್ಲಿ ಇದ್ದವರು ನಾಲ್ಕೇ ಜನ, ಒಬ್ಬೊಬ್ಬರದು ಒಂದೊಂದು ಕಸುಬು. ಸದಸ್ಯರ ಕಚೇರಿಗಳಲ್ಲಿ ಸರದಿಯ ಮೇಲೆ ಸೇರುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು. ನಿಮ್ಮ ಕ್ಲಬ್ಬಿನಲ್ಲೂ ಅಡಿಕೆ ಮಂಡಿಯವರು, ಮೆಡಿಕಲ್ ಶಾಪಿನವರು, ಚಿನ್ನದಂಗಡಿಯವರು, ಸರ್ವೆಯರು, ಹೆರಿಗೆ ಡಾಕ್ಟರು ಇದ್ದಾರೆ. ಹತ್ತು ವರ್ಷ ಒಟ್ಟಿಗೆ ಊಟ ಮಾಡಿದವರಿಗೂ ಪಕ್ಕದವರ ಕಸುಬಿನ ಒಳಗು ಗೊತ್ತಿರುವುದಿಲ್ಲ.

ಕಾರ್ಯಕ್ರಮ ಸಮಿತಿಯ ಚೇರ್‌ಮನ್ ಮೂರು ತಿಂಗಳ ಪಟ್ಟಿಯನ್ನು ಮುಂಚಿತವಾಗಿ ತುಂಬಿಸಲಿ. ಹೊರಗಿನವರು ಇಬ್ಬರಾದರೆ ಸದಸ್ಯರು ಒಬ್ಬರು ಎಂಬ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಜನವರಿ ರೋಟರಿಯಲ್ಲಿ ವೃತ್ತಿ ಸೇವೆಯ ತಿಂಗಳು, ಅದನ್ನು ಪೂರ್ತಿ ಸದಸ್ಯರಿಗೇ ಬಿಡಬಹುದು. ಹೊಸದಾಗಿ ಸೇರಿದವರ ಮಾತನ್ನು ಮೊದಲ ಮೂರು ತಿಂಗಳೊಳಗೆ ಇಡಿ. ತಡವಾದರೆ ಅವರು ಹಿಂದಿನ ಸಾಲಿನ ಖಾಯಂ ಸದಸ್ಯರಾಗಿಬಿಡುತ್ತಾರೆ.

ಆಹ್ವಾನವನ್ನು ಫೋನಿನಲ್ಲಿ ಹೇಳಿದರೂ ಬರಹದಲ್ಲಿ ಕಳಿಸಿ. ಮಾತು ಶುರುವಾಗುವ ಹೊತ್ತು (ಸಭೆಯದ್ದಲ್ಲ), 20 ನಿಮಿಷ ಎಂಬ ಮಿತಿ, ನಂತರ 10 ನಿಮಿಷ ಪ್ರಶ್ನೆ, ಕೇಳುವವರು ಎಷ್ಟು ಜನ ಮತ್ತು ಎಂಥವರು, ಯಾವ ಭಾಷೆ, ಪ್ರೊಜೆಕ್ಟರ್ ಇದೆಯೇ ಎಂಬುದೆಲ್ಲ ಅದರಲ್ಲಿರಲಿ. ಪಕ್ಷ ರಾಜಕೀಯ, ಮತಪ್ರಚಾರ, ಸರಕಿನ ಮಾರಾಟ ಬೇಡ ಎಂಬುದನ್ನೂ ಆಗಲೇ ಹೇಳಿಬಿಡಿ, ವೇದಿಕೆ ಮೇಲೆ ತಡೆಯುವುದು ಎಲ್ಲರಿಗೂ ಮುಜುಗರ. ಒಂದು ವಾರ ಮೊದಲು, ಹಿಂದಿನ ದಿನ, ಅಂದು ಬೆಳಿಗ್ಗೆ, ಹೀಗೆ ಮೂರು ಸಲ ನೆನಪಿಸಿ.

ಸದಸ್ಯರ ಮಾತು ಕಟ್ಟುವುದು

ಸದಸ್ಯರು ಎಡವುವುದು ಎರಡು ರೀತಿ. ಕೆಲವರು ಬಾಲ್ಯದಿಂದ ಶುರುಮಾಡಿ, ಓದಿದ ಶಾಲೆ, ಮೊದಲ ಅಂಗಡಿ ದಾಟುವಷ್ಟರಲ್ಲಿ ಸಮಯ ಮುಗಿಸುತ್ತಾರೆ. ಡಾಕ್ಟರು, ಇಂಜಿನಿಯರುಗಳು ತಮ್ಮ ಸಮ್ಮೇಳನದ ಸ್ಲೈಡುಗಳನ್ನೇ ತಂದು ಸೆಮಿನಾರ್ ಮಾಡುತ್ತಾರೆ. ಇಬ್ಬರಿಗೂ ಒಂದೇ ಮದ್ದು: ಬಂದವರ ಕೈಗೆ ಮುಟ್ಟಿ ನೋಡುವಂಥ ಒಂದು ವಸ್ತು, ಅವರು ನಾಳೆಯೇ ಬಳಸಬಹುದಾದ ಒಂದು ತಿಳಿವಳಿಕೆ.

20 ನಿಮಿಷವನ್ನು ಹೀಗೆ ಹಂಚಬಹುದು. ಈ ಕಸುಬಿಗೆ ಬಂದ ಬಗೆಗೆ 2 ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಸರಕು ಅಥವಾ ಕೆಲಸ ಎಲ್ಲಿಂದ ಬಂದು ಹೇಗೆ ಸಾಗಿ ಎಲ್ಲಿ ಮುಟ್ಟುತ್ತದೆ ಎಂಬುದಕ್ಕೆ 8. ಗಿರಾಕಿಗಳು ತಪ್ಪು ತಿಳಿದುಕೊಂಡಿರುವ ಅಥವಾ ಮೋಸ ಹೋಗುವ ಜಾಗಗಳಿಗೆ 6. ಕಸುಬಿನಲ್ಲಿ ನ್ಯಾಯ–ಅನ್ಯಾಯದ ಇಕ್ಕಟ್ಟು ಎದುರಾಗುವುದು ಎಲ್ಲಿ ಎಂಬುದಕ್ಕೆ ಕೊನೆಯ 4. ಈ ಕೊನೆಯ ಭಾಗವನ್ನು ಬಹುತೇಕರು ಬಿಟ್ಟುಬಿಡುತ್ತಾರೆ, ಆದರೆ ಪ್ರಶ್ನೆಗಳು ಹುಟ್ಟುವುದು ಅಲ್ಲಿಂದಲೇ. ರೋಟರಿಯ ನಾಲ್ಕು ಪ್ರಶ್ನೆಗಳ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ. ದಿವಾಳಿಯ ಅಂಚಿನಲ್ಲಿದ್ದ ಶಿಕಾಗೋದ ಅಲ್ಯೂಮಿನಿಯಂ ಪಾತ್ರೆಗಳ ಕಂಪನಿಯೊಂದನ್ನು ಎತ್ತಿ ನಿಲ್ಲಿಸಲು ಹರ್ಬರ್ಟ್ ಟೇಲರ್ 1932ರಲ್ಲಿ ಬರೆದುಕೊಂಡದ್ದು ಅದು. ವ್ಯಾಪಾರಕ್ಕಾಗಿಯೇ ಹುಟ್ಟಿದ್ದನ್ನು ಸಭೆಯ ಕೊನೆಗೆ ಪಾಠ ಒಪ್ಪಿಸುವುದಕ್ಕಷ್ಟೇ ಇಟ್ಟುಕೊಳ್ಳುವುದು ಯಾಕೆ? ‘ನಾನು ಹೇಳುವುದು ಸತ್ಯವೇ, ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ’ ಎಂಬ ಮೊದಲ ಎರಡು ಪ್ರಶ್ನೆಗಳನ್ನು ತಮ್ಮ ಬಿಲ್ ಬುಕ್ಕಿನ ಮೇಲಿಟ್ಟು ಮಾತಾಡಲು ಸದಸ್ಯರಿಗೆ ಹೇಳಿ.

ಶಿವಮೊಗ್ಗ ಕಡೆಯ ಅಡಿಕೆ ವ್ಯಾಪಾರಿಯಾದರೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ಬಗೆಯ ಅಡಿಕೆಯನ್ನು ನಾಲ್ಕು ತಟ್ಟೆಯಲ್ಲಿ ತಂದು ಸಾಲುಸಾಲಿಗೆ ದಾಟಿಸಲಿ. ಯಾವುದು ಯಾಕೆ ಬೇರೆ, ದರದಲ್ಲಿ ಯಾಕೆ ಅಷ್ಟು ಅಂತರ ಎಂಬುದನ್ನು ಕೈಯಲ್ಲಿ ಹಿಡಿದಾಗ ತಿಳಿದಷ್ಟು ಸ್ಲೈಡಿನಲ್ಲಿ ತಿಳಿಯುವುದಿಲ್ಲ. ಚಿನ್ನದಂಗಡಿಯವರು ಒಂದು ಒಡವೆ, ಒಂದು ಭೂತಗನ್ನಡಿ ತರಲಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಶುದ್ಧತೆಯ ಅಂಕಿ (22 ಕ್ಯಾರೆಟ್‌ಗೆ 916), ಒಂದೊಂದು ಒಡವೆಗೂ ಬೇರೆಯಾದ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಎಂಬ ಮೂರನ್ನು ಎಲ್ಲರೂ ಕಣ್ಣಾರೆ ನೋಡಲಿ. ಅಂಗಡಿಗಳಲ್ಲಿ ಹಾಲ್‌ಮಾರ್ಕ್ ಒಡವೆ ಮಾರಲು ಈ ಎಚ್‌ಯುಐಡಿ 2023ರ ಏಪ್ರಿಲ್ 1ರಿಂದ ಕಡ್ಡಾಯ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿ ತೋರಿಸಿದರೆ ಅರ್ಧ ಸಭೆ ಅಲ್ಲೇ ಬಳೆ, ಉಂಗುರ ತೆಗೆದು ನೋಡತೊಡಗುತ್ತದೆ. ಅದಕ್ಕೆಂದೇ ಎರಡು ನಿಮಿಷ ಬಿಟ್ಟುಕೊಳ್ಳಿ. ಮೆಡಿಕಲ್ ಶಾಪಿನವರಿಗೆ ಮಾತ್ರೆ ಪಟ್ಟಿಯ ಮೇಲಿನ ಕೆಂಪು ಗೆರೆ ಸಾಕು: ಚೀಟಿಯಿಲ್ಲದೆ ಕೊಡಬಾರದ ಔಷಧ ಅದು, ಆದರೆ ‘ಹೋದ ಸಲ ಕೊಟ್ಟಿದ್ರಲ್ಲ’ ಎಂದು ಗಿರಾಕಿ ಒತ್ತಾಯಿಸಿದಾಗ ಏನು ಮಾಡುತ್ತಾರೆ? ಸರ್ವೆಯರು ಒಂದು ಪಹಣಿಯ ಜೆರಾಕ್ಸ್ ತರಲಿ, ಹೆಸರಿನ ಕಾಲಂ ಮುಚ್ಚಿರಲಿ. ಎಕರೆಗೆ 40 ಗುಂಟೆ ಎಂಬುದು ಎಲ್ಲರಿಗೂ ಗೊತ್ತು. ಪೋಡಿ ಆಗದ, ಅಂದರೆ ಅಳೆದು ಹಿಸ್ಸೆ ಬೇರೆ ಮಾಡದ, ಜಂಟಿ ಸರ್ವೆ ನಂಬರಿನಲ್ಲಿ ಜಾಗ ಕೊಂಡವರಿಗೆ ಮುಂದೇನು ಕಾದಿದೆ ಎಂಬುದು ಗೊತ್ತಿರುವುದಿಲ್ಲ.

ಮಾರಾಟದ ಗೆರೆ ಎಲ್ಲಿದೆ? ತನ್ನ ದರ ಹೇಳುವುದು, ಕಾರ್ಡು ಹಂಚುವುದು, ‘ನಮ್ಮಲ್ಲಿ ಸದಸ್ಯರಿಗೆ ಡಿಸ್ಕೌಂಟ್’ ಎನ್ನುವುದು ಗೆರೆಯಾಚೆ. ಕಸುಬಿನ ಲಾಭ ಸುಮಾರಾಗಿ ಎಲ್ಲಿಂದ ಬರುತ್ತದೆ ಎಂದು ಬಿಚ್ಚಿ ಹೇಳುವುದು ಗೆರೆಯೊಳಗೆ, ಅದೇ ಅತ್ಯಂತ ರುಚಿಯ ಭಾಗ ಕೂಡ. ಗಿರಾಕಿ, ರೋಗಿ, ಕಕ್ಷಿದಾರರ ಹೆಸರು ಬೇಡ. ಊರು ಸಣ್ಣದು, ‘ಒಬ್ಬರು ಮೇಷ್ಟ್ರು’ ಎಂದರೂ ಯಾರೆಂದು ಗೊತ್ತಾಗಿಬಿಡುತ್ತದೆ.

ಮಾತಾಡಿ ಅಭ್ಯಾಸವಿಲ್ಲದವರು ಬರೆದು ತಂದು ಓದುತ್ತಾರೆ. ಓದುವುದನ್ನು ತಪ್ಪಿಸಲು ಸಂದರ್ಶನದ ರೂಪ ಕೊಡಿ: ಎರಡು ಕುರ್ಚಿ, ಎರಡು ಮೈಕು, ಗೆಳೆಯರಾದ ಇನ್ನೊಬ್ಬ ಸದಸ್ಯರಿಂದ ಎಂಟು ಪ್ರಶ್ನೆ. ಪ್ರಶ್ನೆಗಳನ್ನು ಎರಡು ದಿನ ಮೊದಲೇ ಕೊಟ್ಟಿರಿ. ವೇದಿಕೆಗೆ ಹೆದರುವವರೂ ಹೀಗೆ ಕೂತರೆ ಅಂಗಡಿಯ ಗಲ್ಲಾದಲ್ಲಿ ಕೂತಷ್ಟೇ ಸಲೀಸಾಗಿ ಮಾತಾಡುತ್ತಾರೆ.

ಪರಿಚಯ, ಸಮಯ, ಪ್ರಶ್ನೆ

ಪರಿಚಯ ಒಂದೂವರೆ ನಿಮಿಷ. ಬಯೋಡೇಟಾ ಓದಬೇಡಿ. ಹೆಸರು, ಈಗ ಮಾಡುತ್ತಿರುವ ಕೆಲಸ, ಈ ವಿಷಯದಲ್ಲಿ ಅವರ ಮಾತನ್ನು ಯಾಕೆ ಕೇಳಬೇಕು, ಇಂದಿನ ವಿಷಯ, ಇಷ್ಟೇ. ಹೆಸರನ್ನು ಕೊನೆಗೆ ಹೇಳಿದರೆ ಚಪ್ಪಾಳೆ ತಾನಾಗಿ ಬೀಳುತ್ತದೆ. ಇನಿಷಿಯಲ್, ಉಚ್ಚಾರ ಮೊದಲೇ ಕೇಳಿಟ್ಟುಕೊಳ್ಳಿ.

ಎರಡನೆಯ ಸಾಲಿನ ನಡುವೆ ಒಬ್ಬರು ‘5’, ‘2’, ‘ಮುಗಿಸಿ’ ಎಂಬ ಮೂರು ಹಾಳೆ ಹಿಡಿದು ಕೂರಲಿ. ಅಧ್ಯಕ್ಷರು ವೇದಿಕೆಯಲ್ಲಿ ಭಾಷಣಕಾರರ ಬೆನ್ನ ಹಿಂದಿರುವುದರಿಂದ ಅವರ ಸನ್ನೆ ಕಾಣುವುದಿಲ್ಲ. ಚೀಟಿ ಕಳಿಸಿದರೆ ಮಾತು ತುಂಡಾಗುತ್ತದೆ. ಹೀಗೆ ಹಾಳೆ ತೋರಿಸುತ್ತೇವೆಂದು ಮೊದಲೇ ತಿಳಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

‘ಪ್ರಶ್ನೆಗಳಿವೆಯೇ?’ ಎಂದಾಗ ಮೊದಲ ಅರ್ಧ ನಿಮಿಷ ಮೌನ. ಆ ಮೌನಕ್ಕೆ ಅಧ್ಯಕ್ಷರು ಹೆದರಿ ವಂದನಾರ್ಪಣೆಗೆ ಹೋಗಿಬಿಟ್ಟರೆ ಕೆಟ್ಟಿತು. ಮೊದಲ ಪ್ರಶ್ನೆಯನ್ನು ಒಬ್ಬ ಸದಸ್ಯರಿಗೆ ಮುಂಚೆಯೇ ವಹಿಸಿರಿ. ಪ್ರಶ್ನೆ ಕೇಳುವವರ ಕೈಗೆ ಮೈಕು ಕೊಡಬೇಡಿ, ಸಾರ್ಜೆಂಟ್ ಹಿಡಿದುಕೊಂಡಿರಲಿ. ಪ್ರಶ್ನೆಯ ಹೆಸರಲ್ಲಿ ಭಾಷಣ ಶುರುಮಾಡುವವರು ಎಲ್ಲ ಕ್ಲಬ್ಬಿನಲ್ಲೂ ಒಬ್ಬರಾದರೂ ಇರುತ್ತಾರೆ, ಸಾಮಾನ್ಯವಾಗಿ ಹಿರಿಯರು. ‘ಸಾರ್, ಪ್ರಶ್ನೆ ಒಂದು ವಾಕ್ಯದಲ್ಲಿ ಹೇಳಿಬಿಡಿ, ಉತ್ತರಕ್ಕೆ ಟೈಮ್ ಉಳೀಲಿ’ ಎಂದು ನಗುತ್ತ ಹೇಳಿದರೆ ಅವರಿಗೂ ನೋವಾಗುವುದಿಲ್ಲ.

ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ನಾಲ್ಕೂ ಬೇಕೆಂದರೆ ಫೋಟೋ ಸೇರಿ ಎಂಟು ನಿಮಿಷ. ಹೊರಗಿನವರಿಗೆ ಒಂದು ಒಳ್ಳೆಯ ಪುಸ್ತಕ ಸಾಕು. ಸದಸ್ಯರೇ ಮಾತಾಡಿದ್ದರೆ ಅವರ ಹೆಸರಿನಲ್ಲಿ ರೋಟರಿಯ ಪೋಲಿಯೊ ನಿರ್ಮೂಲನ ನಿಧಿಗೆ ಒಂದಿಷ್ಟು ಕೊಟ್ಟು ಅದನ್ನೇ ಪ್ರಕಟಿಸಿ. ವಂದನೆ ಹೇಳುವವರು ಮಾತಿನ ಸಾರಾಂಶ ಒಪ್ಪಿಸದೆ ಅದರಲ್ಲಿ ತಮಗೆ ಹಿಡಿಸಿದ ಒಂದೇ ಸಂಗತಿ ಹೇಳಿ ಕೂತುಬಿಡಲಿ.

ಊಟದ ತಲೆ ಎಣಿಕೆ

ವಾಟ್ಸ್ಆ್ಯಪ್ ಪೋಲ್ ಹಿಂದಿನ ದಿನ ಸಂಜೆ 6ಕ್ಕೆ ಮುಚ್ಚಬೇಕು. ಹೋಟೆಲಿಗೆ ಕೊಡುವ ಗ್ಯಾರಂಟಿ ಪ್ಲೇಟು ‘ಬರುತ್ತೇನೆ’ ಎಂದವರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ ಇರಲಿ. ಹೆಚ್ಚಾದ ಪ್ಲೇಟಿಗೆ ಬೇರೆ ದುಡ್ಡು ಕೊಡುವುದು, ಉಣ್ಣದ ಪ್ಲೇಟಿಗೆ ಕೊಡುವುದಕ್ಕಿಂತ ಅಗ್ಗ. ಅಡುಗೆಯವರನ್ನು ಕರೆಸಿ ಮಾಡಿಸುವುದಾದರೆ ಲೆಕ್ಕ ತಿರುವುಮುರುವು, ಹತ್ತರಲ್ಲೊಂದು ಪಾಲು ಹೆಚ್ಚು ಹೇಳಿ. ಪಾತ್ರೆ ತೆರೆಯುವ, ತಟ್ಟೆ ಜೋಡಿಸುವ ಸದ್ದು ಎಂಟೂ ಇಪ್ಪತ್ತರವರೆಗೆ ಕೇಳಬಾರದೆಂದು ಬಡಿಸುವವರಿಗೆ ಹೇಳಿಟ್ಟಿರಿ.

ಮಾತುಗಾರರು ಬಾರದಿದ್ದರೆ

ಸಂಜೆ ಐದಕ್ಕೆ ‘ಜ್ವರ, ಬರಲಾಗುವುದಿಲ್ಲ’ ಎಂಬ ಫೋನು ಬಂದೇ ಬರುತ್ತದೆ. ಅದಕ್ಕಾಗಿ ಇಬ್ಬರು ಸದಸ್ಯರ ಮಾತು ಸದಾ ತಯಾರಿರಬೇಕು, ಸ್ಲೈಡಿಲ್ಲದ್ದು, ಜೇಬಿನಲ್ಲಿ ತರಬಹುದಾದ ವಸ್ತುವಿನದ್ದು. ಅವರ ಹೆಸರು ಮೂರು ತಿಂಗಳ ಪಟ್ಟಿಯ ಕೆಳಗೆ ‘ಕಾಯ್ದಿಟ್ಟವರು’ ಎಂದೇ ಬರೆದಿರಲಿ. ಇಬ್ಬರಲ್ಲೊಬ್ಬರು ಒಮ್ಮೆ ಮಾತಾಡಿದ ಕೂಡಲೇ ಆ ಜಾಗಕ್ಕೆ ಹೊಸಬರನ್ನು ತುಂಬಿಸಿ. ಸಭೆ ರದ್ದು ಮಾಡಿ ಊಟಕ್ಕಷ್ಟೇ ಕರೆಯಬೇಡಿ. ಅರ್ಧವರ್ಷದ ಸಭೆಗಳಲ್ಲಿ ಶೇ 50ಕ್ಕಾದರೂ ಹಾಜರಿರಬೇಕೆಂದು ಲೆಕ್ಕ ಇಟ್ಟುಕೊಂಡ ಸದಸ್ಯರಿಗೆ ಅದು ತೊಡಕು, ಮುಂದಿನ ವಾರ ಬರುವವರ ಸಂಖ್ಯೆಯೂ ಇಳಿಯುತ್ತದೆ. ಬಾರದ ಮಾತುಗಾರರಿಗೆ ಅಂದೇ ರಾತ್ರಿ ಒಂದು ಮೆಸೇಜ್ ಹಾಕಿ, ಪಟ್ಟಿಯಲ್ಲಿ ಖಾಲಿ ಇರುವ ಎರಡು ದಿನಾಂಕ ಕೊಟ್ಟು ಒಂದನ್ನು ಆರಿಸಿಕೊಳ್ಳಲು ಹೇಳಿ.